ಹುಲ್ಲಿನ ವೇಷದ ಮರ

ಈ ಸಲದ ಮಾತು ನಾರ್ತ್ ಕ್ಯಾರೊಲೈನಾ, ಜಾರ್ಜಿಯಾ, ಅಲಬಾಮಾ, ಫ್ಲಾರಿಡಾ ಕಡೆ ಬೆಳೆಯುತ್ತಿರುವ ನಿಮ್ಮ ಜೊತೆ. ‘ಟಾರ್ ಹೀಲ್ಸ್’ ಅಂತ ಬರೆದ ಟೀ-ಶರ್ಟ್ ನಿಮ್ಮಲ್ಲಿ ಎಷ್ಟೋ ಜನರ ಹತ್ತಿರ ಇರುತ್ತದೆ. ಆ ಟಾರು ಬಂದದ್ದು ಲಾಂಗ್‌ಲೀಫ್ ಪೈನ್ ಮರದಿಂದ. ಹಡಗುಗಳಿಗೆ ಬಳಿಯುವ ಟಾರು, ಟರ್ಪೆಂಟೈನು ಎಲ್ಲ ಇದರದ್ದೇ. ಅದನ್ನು ತೆಗೆಯುವ ಕೆಲಸದಲ್ಲಿ ಬೆವರು ಸುರಿಸಿದವರು ಬಹುಪಾಲು ಗುಲಾಮರು. ವರ್ಜೀನಿಯಾದಿಂದ ಟೆಕ್ಸಸ್‌ವರೆಗೆ ಸುಮಾರು 9 ಕೋಟಿ ಎಕರೆಯಲ್ಲಿದ್ದ ಈ ಕಾಡು ಕಡಿದೂ ಕಡಿದೂ 30 ಲಕ್ಷ ಎಕರೆಯ ಆಸುಪಾಸಿಗೆ ಇಳಿದಿತ್ತು. ಈಗ ಮತ್ತೆ ನೆಡುತ್ತಿದ್ದಾರೆ.

ನಿಮ್ಮ ಅಂಗಳದಲ್ಲೂ ನೆಡಬಹುದು. ಆದರೆ ಮನೆಯವರನ್ನು ಮೊದಲೇ ತಯಾರು ಮಾಡಿ. ಯಾಕೆಂದರೆ ನೆಟ್ಟ ಮೇಲೆ ಎರಡು ಮೂರು ವರ್ಷ, ಕೆಲವು ಸಲ ಇನ್ನೂ ಹೆಚ್ಚು ಕಾಲ, ಅದು ಬರೀ ಹುಲ್ಲಿನ ಗೊಂಚಲು. ನಮ್ಮ ಲಾವಂಚದ ಬುಡ ನೋಡಿದ ಹಾಗೆ. “ಏನೋ ಇದು, ಬೆಳೆಯೋದೇ ಇಲ್ವಲ್ಲೋ, ಕಿತ್ತು ಹಾಕು” ಅಂತ ಅಪ್ಪ ಹೇಳಿಯೇ ಹೇಳುತ್ತಾರೆ. ಆಗ ಅವರಿಗೆ ಹೇಳಿ: ಗಿಡ ಕೆಳಕ್ಕೆ ಬೆಳೆಯುತ್ತಿದೆ, ತಾಯಿಬೇರು ಇಳಿಸುತ್ತಿದೆ. ಕಾಡಿನಲ್ಲಿ ಬೆಂಕಿ ಬಂದಾಗ ಆ ಉದ್ದನೆಯ ಎಲೆಗಳು ಸುಟ್ಟು, ನಡುವಿನ ಮೊಗ್ಗನ್ನು ಉಳಿಸುತ್ತವೆ. ಬೇರು ಗಟ್ಟಿಯಾದ ಮೇಲೆ ಒಂದು ವಸಂತದಲ್ಲಿ ಕೊಂಬೆಯೇ ಇಲ್ಲದ ಬಾಟಲಿ ಬ್ರಷ್ಷಿನಂತೆ ನೆಟ್ಟಗೆ ಮೇಲೇಳುತ್ತದೆ. ಅದನ್ನು ನೋಡಲಿಕ್ಕಾದರೂ ಕಾಯಬೇಕು.

ಈ ಹುಲ್ಲಿನ ಹಂತದಲ್ಲಿ ದೊಡ್ಡ ಶತ್ರು ಲಾನ್ ಕತ್ತರಿಸಲು ಬರುವವರು. ಅವರಿಗೆ ಅದು ಹುಲ್ಲೇ. ಸುತ್ತ ನಾಲ್ಕು ಗೂಟ ಹೊಡೆದು ಬಣ್ಣದ ರಿಬ್ಬನ್ ಕಟ್ಟಿಬಿಡಿ. ಲಾನಿಗೆ ಹಾಕುವ ಕಳೆನಾಶಕ ಅದರ ಹತ್ತಿರ ಸುಳಿಯಬಾರದು. ಮನೆಯ ಅಂಗಳದಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಬೆಂಕಿ ಮಾಡುತ್ತಿದ್ದ ಕೆಲಸ, ಸುತ್ತಲಿನ ಹುಲ್ಲು ತೆಗೆಯುವುದು, ನಿಮ್ಮ ಕೈಯದ್ದು.

ಜಾಗ ಪೂರ್ತಿ ಬಿಸಿಲಿನದ್ದಾಗಿರಲಿ. ಮರಳು ಮಣ್ಣು, ನೀರು ನಿಲ್ಲದ ಕಡೆ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿಯೊಳಗೆ, ಬೇರಿನ ಸುತ್ತ ಮಣ್ಣಿನ ಉಂಡೆ ಇರುವ ಸಸಿ ತಂದು ನೆಡಿ. ಮೊಗ್ಗು ಮಾತ್ರ ಮಣ್ಣಿನಲ್ಲಿ ಹೂತುಹೋಗಬಾರದು. ಗೊಬ್ಬರ ಬೇಡ. ಮುಂದೆ 80–100 ಅಡಿ ಆಗುವ ಮರ, ಆದ್ದರಿಂದ ಮನೆಯಿಂದ, ತಂತಿಗಳಿಂದ ಸಾಕಷ್ಟು ದೂರ ಇರಲಿ. ಟೌನ್‌ಹೌಸಿನ ಚಿಕ್ಕ ಹಿತ್ತಲಿಗೆ ಇದು ಬೇಡವೇ ಬೇಡ. ಎಚ್‌ಓಎ ನಿಯಮವನ್ನೂ ಒಮ್ಮೆ ಓದಿಕೊಳ್ಳಿ.

ಒಂದೆರಡು ಮರ ನೆಟ್ಟ ಮಾತ್ರಕ್ಕೆ ಕಾಡು ವಾಪಸ್ಸು ಬರುವುದಿಲ್ಲ. ಇದನ್ನೇ ನಂಬಿದ ರೆಡ್-ಕಾಕೇಡೆಡ್ ಮರಕುಟಿಗಕ್ಕೆ ಎಕರೆಗಟ್ಟಲೆ ಹಳೆಯ ಮರಗಳು ಬೇಕು, ನಿಮ್ಮ ಹಿತ್ತಲಿಗೆ ಅದು ಬರಲಾರದು. ಆದರೂ ಈ ಮರ 300 ವರ್ಷ ಬಾಳಬಲ್ಲದು. ನೀವು ಕಾಲೇಜಿಗೆ ಹೋಗುತ್ತೀರಿ, ಮನೆ ಮಾರಾಟವಾಗಬಹುದು. ಮರ ಅಲ್ಲೇ ಇರುತ್ತದೆ. ಅಂದಹಾಗೆ, ಅಮ್ಮ ಪ್ರತಿ ವರ್ಷ ದುಡ್ಡು ಕೊಟ್ಟು ತರಿಸುವ ಪೈನ್ ಸ್ಟ್ರಾ ಆಗ ಪುಕ್ಕಟೆ ಉದುರುತ್ತದೆ, ಒಂದೊಂದು ಎಲೆ ಒಂದಡಿಗೂ ಉದ್ದ. ಈ ವಾದಕ್ಕೆ ಅವರು ಒಪ್ಪಿಯಾರು. ನಾರ್ತ್ ಕ್ಯಾರೊಲೈನಾದಲ್ಲಿರುವವರಿಗೆ ಸರ್ಕಾರಿ ಅರಣ್ಯ ಇಲಾಖೆಯ ನರ್ಸರಿಯಲ್ಲೇ ಸಸಿ ಸಿಗುತ್ತದೆ. ಬೇಗ ಖಾಲಿಯಾಗಬಹುದು, ಚಳಿಗಾಲಕ್ಕೆ ಮೊದಲೇ ಹೇಳಿಡಿ.