ಹಲ್ಲುನೋವೂ ನಮ್ಮ ಹಕ್ಕೂ
(ಸೋಂಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮ ಅಪ್ಪ-ಅವ್ವಂದಿರ ಬಾಯಿ ತಾಗುತ್ತದೆಂದು ಹೋಟೆಲಿನವರು ಲೋಟವನ್ನೇ ಬೇರೆ ಇಟ್ಟರು. ಪುಕ್ಕಟೆ ಶಿಬಿರಕ್ಕೆ ಬರುವ ಹಲ್ಲಿನ ಡಾಕ್ಟರು ಅದೇ ಬಾಯೊಳಗೆ ಬೆರಳಿಟ್ಟು ನೋಯುವ ಹಲ್ಲು ಹುಡುಕುತ್ತಾರೆ. ಇದನ್ನು ನಾವು ಸಣ್ಣದೆನ್ನಬಾರದು.

ಆದರೆ ಶಿಬಿರ ದೇವಸ್ಥಾನದ ಅಂಗಳದಲ್ಲಿ ನಡೆದರೆ ಕೇರಿಯ ಅಜ್ಜಿ ಅಲ್ಲಿಗೆ ಹೋಗ್ತಾಳಾ? ಕೇರಿಗೇ ಬನ್ನಿ ಅಂತ ಕೇಳೋಣ.

ಶಿಬಿರ ಒಂದು ದಿನದ್ದು, ನೋವು ದಿನಾ ಇರೋದು. ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡಲು ಸರ್ಕಾರ 2014-15ರಲ್ಲಿ ‘ದಂತ ಭಾಗ್ಯ’ ತಂದಿತು. ರೇಷನ್ ಕಾರ್ಡು ಹಿಡಿದು, ಅಜ್ಜಿಯನ್ನು ನೆಲಮಂಗಲದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕೇಳುವವರು ಯಾರು? ಓದಿದ ನಾವೇ.

ಬಿ.ಡಿ.ಎಸ್.ನಲ್ಲಿ ನಮಗೆ ಮೀಸಲು ಸೀಟಿದೆ, ಅದು ಯಾರ ಭಿಕ್ಷೆಯೂ ಅಲ್ಲ. ಓದೋಣ. ಡಾಕ್ಟರಾಗಿ ಬಂದು ಕೇರಿಯ ಜಗಲಿ ಮೇಲೇ ಕೂತು ನಮ್ಮವರ ಹಲ್ಲು ನೋಡೋಣ.

ಜೈ ಭೀಮ್.