ಊರನ್ನು ನಡೆಸಿದವರು: ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ

ಜನಾಂಗೀಯ ನ್ಯಾಯಕ್ಕಾಗಿ ಊರೂರುಗಳಲ್ಲಿ ನಡೆದ ಹೋರಾಟಗಳನ್ನು ಚರ್ಚೆಗೆ ಎತ್ತಿಕೊಂಡಿರುವ ಈ ವಿಚಾರ ಸಂಕಿರಣ ತನ್ನ ಮಾತನ್ನು ಒಂದೇ ಒಂದು ಊರಿನಿಂದ ಶುರು ಮಾಡುವುದು ಒಳ್ಳೆಯದು. ಆ ಊರು ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ.

1955ರ ಡಿಸೆಂಬರ್ 1ರ ಸಂಜೆ ಅಲ್ಲಿನ ಬಸ್ಸೊಂದರಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲಿಲ್ಲ, ಬಂಧನವಾಯಿತು, ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಬಂದರು, ಜನ ಗೆದ್ದರು. ಹೆಚ್ಚಿನವರಿಗೆ ಗೊತ್ತಿರುವ ಕಥೆ ಇಷ್ಟೇ. ಪಾರ್ಕ್ಸ್ ಅವರನ್ನು ದುಡಿದು ದಣಿದಿದ್ದ ಹೊಲಿಗೆಯಾಕೆ ಎಂದಷ್ಟೇ ಚಿತ್ರಿಸುವ ರೂಢಿಯೂ ಇದೆ. ಹೊಲಿಗೆ ಅವರ ಜೀವನೋಪಾಯವಾಗಿತ್ತು, ನಿಜ. ಆದರೆ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಊರ ಶಾಖೆಗೆ ಅವರು 1943ರಲ್ಲೇ ಕಾರ್ಯದರ್ಶಿಯಾಗಿದ್ದರು. 1944ರಲ್ಲಿ ಅಬ್ಬೆವಿಲ್ ಎಂಬಲ್ಲಿ ಬಿಳಿಯರ ಗುಂಪೊಂದು ರೀಸಿ ಟೇಲರ್ ಎಂಬ ಕಪ್ಪು ಮಹಿಳೆಯ ಮೇಲೆ ಅತ್ಯಾಚಾರ ಎಸಗಿದಾಗ ವಿವರ ಕಲೆಹಾಕಲು ಅಲ್ಲಿಗೇ ಹೋಗಿದ್ದರು. ಬಂಧನಕ್ಕೆ ಕೆಲವೇ ತಿಂಗಳ ಹಿಂದೆ ಟೆನೆಸೀಯ ಹೈಲ್ಯಾಂಡರ್ ಶಾಲೆಯಲ್ಲಿ ಸಂಘಟನೆಯ ತರಬೇತಿ ಪಡೆದು ಬಂದಿದ್ದರು. ಇಷ್ಟು ವರ್ಷಗಳ ದುಡಿಮೆಯನ್ನು ಒಂದು ಸಂಜೆಯ ಆಯಾಸಕ್ಕೆ ಇಳಿಸಿದರೆ ಅದು ಅವರಿಗೂ ಅವರ ಊರಿಗೂ ಮಾಡುವ ಅನ್ಯಾಯ.

ಬಹಿಷ್ಕಾರಕ್ಕೆ ಊರು ಬಹಳ ಮೊದಲೇ ತಯಾರಾಗುತ್ತಿತ್ತು. ಬಸ್ಸಿನಲ್ಲಿದ್ದ 36 ಸೀಟುಗಳಲ್ಲಿ ಮುಂದಿನ 10 ಬಿಳಿಯರಿಗೆ ಮೀಸಲು. ಅವು ಖಾಲಿ ಬಿದ್ದಿದ್ದರೂ ಕಪ್ಪು ಜನ ನಿಂತೇ ಹೋಗಬೇಕು. ಮುಂಬಾಗಿಲಲ್ಲಿ ಹಣ ಕೊಟ್ಟು ಇಳಿದು, ಹಿಂಬಾಗಿಲಿಗೆ ಹೋಗಿ ಹತ್ತಬೇಕು. ಅವರು ಹಿಂದೆ ಹೋಗುವಷ್ಟರಲ್ಲಿ ಚಾಲಕ ಬಸ್ಸು ಬಿಟ್ಟುಬಿಡುವುದೂ ಇತ್ತು. ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ 1949ರಲ್ಲಿ, ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸಿನಲ್ಲಿ ತಿಳಿಯದೆ ಮುಂದೆ ಕುಳಿತಾಗ ಚಾಲಕ ಹೊಡೆಯುವವನಂತೆ ಮೈಮೇಲೆ ಬಂದಿದ್ದ. ಅತ್ತುಕೊಂಡೇ ಇಳಿದುಹೋದ ಅವರು ಮುಂದೆ ಅದೇ ಊರಿನ ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್‌ನ ಅಧ್ಯಕ್ಷೆಯಾದರು. ಮೇರಿ ಫೇರ್ ಬರ್ಕ್ಸ್ 1946ರಲ್ಲಿ ಕಟ್ಟಿದ ಸಂಸ್ಥೆ ಅದು. ರಾಬಿನ್ಸನ್ 1954ರ ಮೇ 21ರಂದು ಮೇಯರ್‌ಗೆ ಕಾಗದ ಬರೆದರು: ಬಸ್ ಹತ್ತುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನ, ಅವರು ಹತ್ತದಿದ್ದರೆ ಬಸ್ಸು ಓಡುವುದಿಲ್ಲ, ಇಪ್ಪತ್ತೈದಕ್ಕೂ ಹೆಚ್ಚು ಸಂಘಗಳಲ್ಲಿ ಬಹಿಷ್ಕಾರದ ಮಾತು ನಡೆದಿದೆ. ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲಿನ ಕಾಗದ ಇದು.

ಬಂಧನದ ರಾತ್ರಿ ರಾಬಿನ್ಸನ್ ಕಾಲೇಜಿಗೆ ಹೋದರು. ಸಹೋದ್ಯೋಗಿ ಜಾನ್ ಕ್ಯಾನನ್ ಸೈಕ್ಲೋಸ್ಟೈಲ್ ಯಂತ್ರದ ಕೋಣೆ ತೆರೆದರು, ಇಬ್ಬರು ವಿದ್ಯಾರ್ಥಿಗಳು ಜೊತೆಯಾದರು. ಕಾಗದ ಉಳಿಸಲು ಒಂದೇ ಹಾಳೆಯಲ್ಲಿ ಮೂರು ಸಲ ಅದೇ ಒಕ್ಕಣೆ: ಇನ್ನೊಬ್ಬ ಹೆಣ್ಣುಮಗಳನ್ನು ಹಿಡಿದಿದ್ದಾರೆ, ಸೋಮವಾರ ಯಾರೂ ಬಸ್ ಹತ್ತಬೇಡಿ. ಬೆಳಗಿನ ಜಾವದ ಹೊತ್ತಿಗೆ ಹತ್ತಾರು ಸಾವಿರ ಕರಪತ್ರಗಳನ್ನು ಕತ್ತರಿಸಿ ಕಟ್ಟು ಕಟ್ಟಿದ್ದಾಗಿತ್ತು. ಎಂಟು ಗಂಟೆಗೆ ರಾಬಿನ್ಸನ್ ಎಂದಿನಂತೆ ಪಾಠ ಮಾಡಿದರು. ಪಾಠ ಮುಗಿಸಿ ಕಾರು ಹತ್ತಿ ಶಾಲೆ, ಅಂಗಡಿ, ಕ್ಷೌರದಂಗಡಿ, ಕಾರ್ಖಾನೆಗಳ ಬಾಗಿಲಲ್ಲಿ ಕಟ್ಟುಗಳನ್ನು ಇಳಿಸುತ್ತ ಹೋದರು. ಕಾಲೇಜು ಸರ್ಕಾರದ ಹಣದಲ್ಲಿ ನಡೆಯುವಂಥದ್ದು, ಹೆಸರು ಹೊರಬಿದ್ದರೆ ಕೆಲಸಕ್ಕೇ ಕುತ್ತು. ಹಾಗಾಗಿ ಕರಪತ್ರದಲ್ಲಿ ಅದನ್ನು ಹೊರಡಿಸಿದವರ ಹೆಸರು ಇರಲಿಲ್ಲ. ಇಪ್ಪತ್ತಾರರ ಹರೆಯದ ಕಿಂಗ್ ನಾಯಕರಾಗಿ ಆಯ್ಕೆಯಾದದ್ದು ಸೋಮವಾರ, ಡಿಸೆಂಬರ್ 5ರಂದು. ಅಷ್ಟು ಹೊತ್ತಿಗೆ ಬಸ್ಸುಗಳು ಆಗಲೇ ಖಾಲಿ ಓಡಿದ್ದವು.

ಒಂದು ದಿನ ಬಸ್ ಬಿಡುವುದು ಒಂದು ಮಾತು. 381 ದಿನ ಬಿಟ್ಟು, ಅಡುಗೆ ಕೆಲಸಕ್ಕೆ, ಬಟ್ಟೆ ಒಗೆಯುವುದಕ್ಕೆ ಹೊತ್ತಿಗೆ ಸರಿಯಾಗಿ ತಲುಪುವುದು ಇನ್ನೊಂದು. ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, ಹತ್ತು ಸೆಂಟಿಗೆ, ಜನರನ್ನು ಒಯ್ಯಲು ಶುರುಮಾಡಿದರೆ ನಗರಾಡಳಿತ 45 ಸೆಂಟಿನ ಕನಿಷ್ಠ ದರದ ನಿಯಮ ತೋರಿಸಿ ತಡೆಯಿತು. 1953ರಲ್ಲಿ ಬ್ಯಾಟನ್ ರೂಜ್‌ನಲ್ಲಿ ಇಂಥದೇ ಬಹಿಷ್ಕಾರ ನಡೆಸಿದ್ದ ಪಾದ್ರಿ ಟಿ.ಜೆ. ಜೆಮಿಸನ್ ಅವರಿಂದ ಕಿಂಗ್ ಕಾರುಗಳ ವ್ಯವಸ್ಥೆ ಕೇಳಿ ತಿಳಿದುಕೊಂಡರು. ಸುಮಾರು 300 ಕಾರುಗಳು ಸೇರಿದವು. ಹತ್ತಿಸಿಕೊಳ್ಳುವ ಜಾಗ, ಹೊತ್ತು, ಪೆಟ್ರೋಲು ಎಲ್ಲಕ್ಕೂ ಲೆಕ್ಕವಿತ್ತು. ಕಾರುಗಳಿಗಿದ್ದ ಅಲ್ಲಿನ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ಬಂತು.

ಈ ಖರ್ಚಿಗೆ ದುಡ್ಡು ಹೊಂದಿಸಿದವರಲ್ಲಿ ಜಾರ್ಜಿಯಾ ಗಿಲ್‌ಮೋರ್ ಅವರನ್ನು ಮರೆಯುವಂತಿಲ್ಲ. ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಅವರು 1956ರ ಮಾರ್ಚ್‌ನಲ್ಲಿ, ಬಹಿಷ್ಕಾರಕ್ಕಾಗಿ ಕಿಂಗ್ ಮೇಲೆ ನಡೆದ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು: ಹಣ ಇಸಕೊಂಡ ಚಾಲಕ ಹಿಂಬಾಗಿಲಿಗೆ ಹೋಗು ಎಂದವನೇ ಬಸ್ಸು ಬಿಟ್ಟುಬಿಟ್ಟ ಎಂದು. ಕೆಲಸ ಹೋಯಿತು. ಅಷ್ಟರಲ್ಲಾಗಲೇ ಅವರು ಮನೆಮನೆಯ ಹೆಂಗಸರನ್ನು ಕೂಡಿಸಿ, ಕೋಳಿ, ಕೇಕು, ಪೈಗಳನ್ನು ಮಾಡಿಸಿ ಮಾರಿ ಚಳವಳಿಗೆ ಹಣ ಕೂಡಿಸುತ್ತಿದ್ದರು. ಗುಂಪಿನ ಹೆಸರು ‘ಕ್ಲಬ್ ಫ್ರಮ್ ನೋವೇರ್’. ದುಡ್ಡು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂದು ಸುಳ್ಳಾಡದೆ ಹೇಳಬಹುದಿತ್ತು. ಬಿಳಿಯರ ಮನೆಗಳಲ್ಲಿ ದುಡಿಯುತ್ತಿದ್ದವರ ಅನ್ನ ಉಳಿಸಲು ಈ ಗುಟ್ಟು ಬೇಕೇಬೇಕಿತ್ತು. ಹೋರಾಟಗಳ ಇತಿಹಾಸದಲ್ಲಿ ಭಾಷಣಗಳಿಗೆ ಸಿಕ್ಕ ಜಾಗ ಇಂಥ ಅಡುಗೆಮನೆಗಳಿಗೆ ಸಿಗದಿರುವುದು ನೋವಿನ ಸಂಗತಿ.

ನ್ಯಾಯಾಲಯದ ಗೆಲುವಿನ ಹಿಂದೆಯೂ ಹೆಂಗಸರೇ ಇದ್ದರು. ಪಾರ್ಕ್ಸ್‌ಗೆ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, 15 ವರ್ಷದ ಕ್ಲಾಡೆಟ್ ಕೋಲ್ವಿನ್ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದರು. ಹುಡುಗಿ ಚಿಕ್ಕವಳು, ಜನರ ಮುಂದೆ ನಿಲ್ಲಿಸಲು ಒಪ್ಪುವ ಮುಖವಲ್ಲ ಎಂದು ಮುಖಂಡರು ಹಿಂಜರಿದರು. ಚಳವಳಿಯೊಳಗಿನ ಈ ಆಯ್ಕೆಯನ್ನು ಮುಚ್ಚಿಡದೆ ಮಾತಾಡಬೇಕು. ಏಕೆಂದರೆ 1956ರ ಫೆಬ್ರುವರಿಯಲ್ಲಿ ಬಸ್ಸುಗಳಲ್ಲಿನ ಜನಾಂಗೀಯ ಪ್ರತ್ಯೇಕತೆಯ ವಿರುದ್ಧ ವಕೀಲ ಫ್ರೆಡ್ ಗ್ರೇ ಹೂಡಿದ ಬ್ರೌಡರ್ ಮತ್ತು ಗೇಲ್ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದವರು ಅದೇ ಕೋಲ್ವಿನ್, ಜೊತೆಗೆ ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್. ಕಿಂಗ್ ಮನೆಗೆ ಬಾಂಬು ಬಿದ್ದ ಬೆನ್ನಿಗೇ ದಾವೆ ಹೂಡಲಾಗಿತ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಈ ಹೆಂಗಸರ ಪರ ನಿಂತಿತು. ಕೋಲ್ವಿನ್ ಮೇಲಿನ ಹಳೆಯ ದಾಖಲೆ ಅಳಿಸಲು ಮಾತ್ರ 2021ರವರೆಗೆ ಕಾಯಬೇಕಾಯಿತು.

ರಾಬಿನ್ಸನ್ ತಮ್ಮ ನೆನಪುಗಳನ್ನು 1987ರಲ್ಲಿ ಪುಸ್ತಕವಾಗಿ ಪ್ರಕಟಿಸದಿದ್ದರೆ ಆ ಸೈಕ್ಲೋಸ್ಟೈಲ್ ರಾತ್ರಿಯ ಎಷ್ಟೋ ವಿವರಗಳು ಅವರೊಂದಿಗೇ ಮುಗಿದುಹೋಗುತ್ತಿದ್ದವು. ಇಂಥ ನೆನಪುಗಳನ್ನು ಉಳಿಸುವಲ್ಲಿ ಕರ್ನಾಟಕದ ಸಂಶೋಧಕರಿಗೂ ಕೆಲಸವಿದೆ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯಾದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬಾಳುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಬೇಡಿಕೆಯ ಅರ್ಜಿಗಳನ್ನು ಬರೆದವರು ಯಾರು, ಸಭೆಗಳು ಯಾರ ಅಂಗಳದಲ್ಲಿ ನಡೆದವು, ಕಚೇರಿಗಳಿಗೆ ಅಲೆದಾಡುವ ಬಸ್ ಚಾರ್ಜು ಎಲ್ಲಿಂದ ಬಂತು? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿದಾಗ ಆಕೆಯ ಪರವಾಗಿ ಠಾಣೆಯ ಮೆಟ್ಟಿಲು ಹತ್ತಿದವರು ಯಾರು? ಅಂಥವರಲ್ಲಿ ಹಲವರು ಇನ್ನೂ ಮಾತಿಗೆ ಸಿಗುತ್ತಾರೆ. ಅವರ ಮನೆಯ ಟ್ರಂಕಿನಲ್ಲಿರಬಹುದಾದ ಕರಪತ್ರ, ನಡಾವಳಿ ಪುಸ್ತಕ, ಚಂದಾ ರಸೀದಿಗಳನ್ನು ಹುಡುಕಿ ಪಟ್ಟಿ ಮಾಡುವ ಕೆಲಸವನ್ನು ಈ ಸಂಕಿರಣ ಕೈಗೆತ್ತಿಕೊಳ್ಳಲಿ.