ಸುಂಕ ಇಳಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

(ಶಿವಮೊಗ್ಗ ಮತ್ತು ಭದ್ರಾವತಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಮುಕ್ತ ವ್ಯಾಪಾರ ಒಪ್ಪಂದ ಅನ್ನೋ ಮಾತು ಪೇಪರಿನಲ್ಲಿ, ಟಿ.ವಿ.ಯಲ್ಲಿ ಆಗಾಗ ಬರುತ್ತದೆ. ಅದು ದೆಹಲಿಯ ದೊಡ್ಡವರ ವಿಷಯ, ವಾರದ ಉಳಿತಾಯ ಕಟ್ಟುವ ನಮಗೇನು ಅಂತ ನೀವು ಕೇಳಬಹುದು. ಆದರೆ ಅಡಿಕೆ ಸುಲಿಯುವವರು, ಹಾಳೆ ತಟ್ಟೆ ಮಾಡುವವರು, ಗಾರ್ಮೆಂಟ್ಸಿಗೆ ಹೋಗುವವರು ನಮ್ಮ ಊರುಗಳಲ್ಲೇ ಇದ್ದಾರೆ. ಇವರ ಕೂಲಿಗೂ ದೇಶ-ದೇಶಗಳ ವ್ಯಾಪಾರಕ್ಕೂ ನೇರ ಸಂಬಂಧ ಇದೆ.

ಏನಿದು ಒಪ್ಪಂದ?

ಹೊರದೇಶದ ಸರಕು ನಮ್ಮಲ್ಲಿಗೆ ಬರುವಾಗ ನಮ್ಮ ಸರಕಾರ ಆಮದು ಸುಂಕ ಹಾಕುತ್ತದೆ. ನಮ್ಮ ಸರಕು ಅಲ್ಲಿಗೆ ಹೋದಾಗ ಅವರೂ ಹಾಕುತ್ತಾರೆ. ‘ನಿಮ್ಮ ಈ ಸಾಮಾನಿಗೆ ನಾವು ಸುಂಕ ಬಿಡ್ತೇವೆ, ನಮ್ಮ ಆ ಸಾಮಾನಿಗೆ ನೀವು ಬಿಡಿ’ ಅಂತ ಎರಡು ದೇಶದವರು ಪಟ್ಟಿ ಮಾಡಿ ಸಹಿ ಹಾಕಿದರೆ ಅದೇ ಈ ಒಪ್ಪಂದ. ಶ್ರೀಲಂಕಾದ ಜೊತೆ ಭಾರತ 1998ರ ಡಿಸೆಂಬರಿನಲ್ಲಿ ಇಂಥ ಒಪ್ಪಂದಕ್ಕೆ ಸಹಿ ಹಾಕಿತು. 2000ದ ಮಾರ್ಚ್ 1ರಿಂದ ಅದು ಜಾರಿಗೆ ಬಂತು.

ಅಡಿಕೆಯ ಲೆಕ್ಕ

ಅಡಿಕೆಗೆ ನಮ್ಮ ದೇಶ ಹಾಕುವ ಆಮದು ಸುಂಕ ನೂರಕ್ಕೆ ನೂರು. ಶ್ರೀಲಂಕಾದಲ್ಲಿ ಬೆಳೆದ ಅಡಿಕೆಗೆ ಒಪ್ಪಂದದ ಪ್ರಕಾರ ಈ ಸುಂಕ ಇಲ್ಲ. ಇದರ ಜೊತೆಗೆ, ತೀರಾ ಅಗ್ಗದ ಅಡಿಕೆ ಒಳಗೆ ಬರಬಾರದು ಅಂತ ಸರಕಾರ ಕನಿಷ್ಠ ಆಮದು ಬೆಲೆಯನ್ನೂ ಗೊತ್ತುಮಾಡಿದೆ. 2017ರಲ್ಲಿ ಅದು ಕೆ.ಜಿ.ಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ 351 ರೂಪಾಯಿ ಆಯಿತು.

ಈಗ ಲೆಕ್ಕ ಹಾಕಿ. 351 ರೂಪಾಯಿಯ ಒಂದು ಕೆ.ಜಿ. ಅಡಿಕೆಗೆ ಪೂರ್ತಿ ಸುಂಕ ಬಿದ್ದರೆ 702 ರೂಪಾಯಿ ಆಗುತ್ತದೆ. ಅದೇ ಅಡಿಕೆ ಶ್ರೀಲಂಕಾದ್ದು ಅಂತ ಕಾಗದ ಇದ್ದರೆ 351ಕ್ಕೇ ನಿಲ್ಲುತ್ತದೆ. ಒಂದು ಕಾಗದಕ್ಕೆ ಕೆ.ಜಿ.ಗೆ 351 ರೂಪಾಯಿ ಬೆಲೆ! ಆ ಕಾಗದದ ಹೆಸರು ಮೂಲ ಪ್ರಮಾಣಪತ್ರ.

ತೊಂದರೆ ಶುರುವಾಗುವುದು ಇಲ್ಲೇ. ಇಂಡೋನೇಷ್ಯಾದ ಅಡಿಕೆ, ವಿಯೆಟ್ನಾಮಿನ ಕಾಳುಮೆಣಸು ಕೊಲಂಬೋದಲ್ಲಿ ಇಳಿದು, ಶ್ರೀಲಂಕಾದ ಹೆಸರಿನಲ್ಲಿ ಬರುತ್ತವೆ ಅನ್ನುವುದು ಬೆಳೆಗಾರರ ಬಹಳ ವರ್ಷದ ದೂರು. ಇದಕ್ಕಾಗಿಯೇ 2017ರ ಡಿಸೆಂಬರಿನಲ್ಲಿ ಕಾಳುಮೆಣಸಿಗೂ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಬೆಲೆ ಇಟ್ಟರು. ಆದರೆ ಸುಂಕವೇ ಇಲ್ಲದ ಕಡೆ ಬಿಲ್ಲಿನಲ್ಲಿ ಬೆಲೆ ಹೆಚ್ಚಿಗೆ ಬರೆದುಕೊಂಡರೆ ಆಮದುದಾರನಿಗೆ ಸುಂಕದ ಹೊರೆ ಬೀಳುವುದಿಲ್ಲ. ಹಾಗಾಗಿ ಕನಿಷ್ಠ ಬೆಲೆ ಒಂದೇ ಸಾಲದು. ಸರಕು ಎಲ್ಲಿ ಬೆಳೆದದ್ದು ಅಂತ ಪರೀಕ್ಷೆ ಆಗಲೇಬೇಕು. 2020ರ ಸೆಪ್ಟೆಂಬರಿನಿಂದ ಆ ಮಾಹಿತಿ ಇಟ್ಟುಕೊಂಡು, ಕಸ್ಟಮ್ಸ್‌ನವರು ಕೇಳಿದಾಗ ತೋರಿಸುವ ಹೊಣೆ ಆಮದುದಾರನ ಮೇಲಿದೆ.

ಭೂತಾನದ್ದು ಇನ್ನೊಂದು ದಾರಿ. ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು 2022ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಮಲೆನಾಡಿನಲ್ಲಿ ಆಗ ವಿರೋಧ ಎದ್ದಿತು.

ಅಗ್ಗದ ಅಡಿಕೆಯಿಂದ ಆಮದುದಾರನಿಗೆ ಲಾಭ. ಶಿವಮೊಗ್ಗ ಮಂಡಿಯಲ್ಲಿ ರಾಶಿ, ಬೆಟ್ಟೆ ದರ ಕುಸಿದರೆ ಬೆಳೆಗಾರನಿಗೆ, ಚೇಣಿ ಹಿಡಿದವನಿಗೆ ಪೆಟ್ಟು. ಅವರ ಕೈ ಬಿಗಿಯಾದರೆ ಕೊನೆಗೆ ಮೆಟ್ಟುಗತ್ತಿ ಮುಂದೆ ರಾತ್ರಿ ತನಕ ಕೂರುವ ಹೆಣ್ಣುಮಕ್ಕಳ ಕೂಲಿಗೇ ಕೈ ಹಾಕುತ್ತಾರೆ.

ರಫ್ತಿನ ಮಗ್ಗುಲು

ಒಪ್ಪಂದ ಅಂದರೆ ಬರೀ ನಷ್ಟ ಅಂತ ತಿಳಿಯಬೇಡಿ. ದುಬೈ, ಅಬುಧಾಬಿ ಸೇರಿದ ಅರಬ್ ಸಂಸ್ಥಾನದ ಜೊತೆಗಿನ ಒಪ್ಪಂದ 2022ರ ಮೇ 1ರಿಂದ ಜಾರಿಗೆ ಬಂದು, ನಮ್ಮ ಸಿದ್ಧ ಉಡುಪಿನ ಮೇಲಿದ್ದ ನೂರಕ್ಕೆ ಐದರ ಸುಂಕ ಹೋಯಿತು. ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಲ್ಲಿ ಹೊಲಿಗೆಗೆ ಹೋಗುವವರಿಗೆ ಇಂಥ ಒಪ್ಪಂದದಿಂದ ಕೆಲಸ ಹೆಚ್ಚಬಹುದು. ಆದರೆ ಉಳಿದ ಆ ಐದು ರೂಪಾಯಿ ಯಾರ ಕೈಗೆ? ಕೊಳ್ಳುವವನಿಗೋ, ರಫ್ತುದಾರನಿಗೋ, ಹೊಲಿದವಳಿಗೋ? ಒಪ್ಪಂದದ ಸುಂಕದ ಪಟ್ಟಿಯಲ್ಲಿ ಅದನ್ನು ಬರೆದಿರುವುದಿಲ್ಲ. ಅದನ್ನು ಒಟ್ಟಾಗಿ ಕೇಳಿ ಪಡೆಯಬೇಕು.

ಇನ್ನೊಂದು ಎಚ್ಚರ. ಸುಂಕದ ಮಾತೇ ಬೇರೆ, ತಪಾಸಣೆಯ ಮಾತೇ ಬೇರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಅಡಿಕೆ ಹಾಳೆಯ ತಟ್ಟೆಗಳಿಗೆ ತಡೆ ಹಾಕಿತು. ಆರೋಗ್ಯದ ದೃಷ್ಟಿಯಿಂದ ಒಪ್ಪಿಗೆ ಇಲ್ಲ ಅನ್ನುವುದೇ ಕಾರಣ. ಸುಂಕ ಸೊನ್ನೆ ಆದರೂ ಇಂಥ ತಡೆ ತಪ್ಪುವುದಿಲ್ಲ.

ನಾವೇನು ಮಾಡಬಹುದು?

1. ಒಂದು ವರ್ಷದ ಏರಿದ ಅಡಿಕೆ ದರ ನೋಡಿ ಸಂಘದಲ್ಲಿ ದೊಡ್ಡ ಸಾಲ ಎತ್ತಬೇಡಿ. ದರ ಇಳಿದರೂ ಕಂತು ಕಟ್ಟಲು ಆಗುತ್ತದೆಯೇ ಅಂತ ಮೊದಲು ಲೆಕ್ಕ ಹಾಕಿ.

2. ಸುಲಿಗೆ ಕೂಲಿಯನ್ನು ಕೊಯ್ಲು ಶುರುವಾಗುವ ಮುಂಚೆಯೇ ಎಲ್ಲರೂ ಸೇರಿ ಮಾತಾಡಿ ಗೊತ್ತುಮಾಡಿಕೊಳ್ಳಿ.

3. ತಟ್ಟೆ ಮಾಡುವವರು ಒಬ್ಬನೇ ರಫ್ತುದಾರನನ್ನು ನಂಬಿ ಯಂತ್ರಕ್ಕೆ ಸಾಲ ಮಾಡಬೇಡಿ. ಊರಿನ ಮದುವೆ, ಜಾತ್ರೆಗಳ ಗಿರಾಕಿಯನ್ನೂ ಉಳಿಸಿಕೊಳ್ಳಿ.

4. ಹೊಸ ಒಪ್ಪಂದದ ಸುದ್ದಿ ಬಂದಾಗ, ಪಟ್ಟಿಯಲ್ಲಿ ಅಡಿಕೆ, ಮೆಣಸು ಇವೆಯೇ ಅಂತ ಶಾಸಕರನ್ನು, ಸಂಸದರನ್ನು ಕೇಳಿ. ಸಂಘದ ಠರಾವು ಮಾಡಿ ಮನವಿ ಕೊಡಿ. ಬೆಳೆಗಾರರು ಮಾತ್ರ ಕೇಳಿದರೆ ಅದು ತೋಟದ ಪ್ರಶ್ನೆ ಆಗುತ್ತದೆ. ನೀವೂ ಕೇಳಿದರೆ ಅದು ಕೂಲಿಯ ಪ್ರಶ್ನೆಯೂ ಆಗುತ್ತದೆ.